“ನನ್ನ ಮುಖ ಫೋಟೋಗೆ ಒಗ್ಗಲ್ಲ”: ಒಂದು ಪೋರ್ಟ್ರೇಟ್ ಸೆಷನ್‌ಗೆ ನಡೆದ ತಯಾರಿ

ವಯಸ್ಸು 48. ಸೇತುವೆಗಳ ವಿನ್ಯಾಸ ಮಾಡುವ ಎಂಜಿನಿಯರ್. ಹೊಸದಾಗಿ ತಂಡದ ಮುಖ್ಯಸ್ಥರಾಗಿದ್ದರು. ಕಂಪನಿಯ ಪರಿಚಯ ಪುಟಕ್ಕೆ ಫೋಟೋ ಬೇಕಿತ್ತು. ಒಂದು ಸಮ್ಮೇಳನದಲ್ಲಿ ಮಾತಾಡಲು ಒಪ್ಪಿಕೊಂಡಿದ್ದರು, ಅಲ್ಲಿಗೂ ಬೇಕಿತ್ತು. ಅಲ್ಲಿಯವರೆಗೆ ಅವರು ಓಡಿಸಿಕೊಂಡು ಬಂದಿದ್ದು ಯಾವುದೋ ಗ್ರೂಪ್ ಫೋಟೋದಿಂದ ಕತ್ತರಿಸಿದ ತುಂಡು. ಅದರ ಮೂಲೆಯಲ್ಲಿ ಪಕ್ಕದಲ್ಲಿ ನಿಂತವರ ಭುಜ ಇನ್ನೂ ಉಳಿದುಕೊಂಡಿತ್ತು.

ಸೆಷನ್ ಬುಕ್ ಮಾಡಿ, ಮುಂದೂಡಿ, ಮತ್ತೆ ಮುಂದೂಡಿ, ಆಮೇಲೆ ಒಂದು ದಿನ ಫೋನ್ ಮಾಡಿದರು. “ನೋಡಿ, ಮೊದಲೇ ಹೇಳಿಬಿಡ್ತೀನಿ. ನನ್ನ ಮುಖ ಫೋಟೋಗೆ ಒಗ್ಗಲ್ಲ. ಸುಮ್ನೆ ನಿಮ್ಮ ಟೈಮ್ ಹಾಳಾಗುತ್ತೆ.”

ನಾನು ಪೋರ್ಟ್ರೇಟ್ ತೆಗೆಯುವವನು. ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: “ಅಯ್ಯೋ, ಹಾಗೇನಿಲ್ಲ ಸರ್, ಚೆನ್ನಾಗೇ ಇದ್ದೀರಿ, ಆರಾಮಾಗಿರಿ.” ಇದರಿಂದ ಏನೂ ಆಗಲ್ಲ. ಅವರ ಹತ್ರ ಹತ್ತಾರು ವರ್ಷಗಳ ಪುರಾವೆ ಇದೆ, ನಮ್ಮ ಹತ್ರ ಇರೋದು ಬರೀ ಒಳ್ಳೆ ಮಾತು. ಅದಕ್ಕೇ ನಾನು ಆ ಪುರಾವೆಯನ್ನೇ ತನ್ನಿ ಅಂದೆ. “ನಿಮ್ಮದೇ ಯಾವ ಫೋಟೋಗಳನ್ನು ಕಂಡರೆ ನಿಮಗೆ ಆಗಲ್ಲವೋ ಅವನ್ನೇ ತನ್ನಿ. ಎಲ್ಲಿ ಕೆಟ್ಟಿದೆ ಅಂತ ಬೆರಳಿಟ್ಟು ತೋರಿಸಿ.”

ಅವರು ತಂದ ಫೋಟೋಗಳು

ಮೊದಲನೆಯದು ಸೆಲ್ಫಿ. ಬೆರಳು ನೇರ ಮೂಗಿನ ಮೇಲೆ ಹೋಯಿತು. “ಇಷ್ಟು ದಪ್ಪ.”

ಇದು ಮೂಗಿನ ತಪ್ಪಲ್ಲ, ದೂರದ ಲೆಕ್ಕ. ಮೂಗಿನ ತುದಿ ಕಿವಿಗಿಂತ ಕ್ಯಾಮೆರಾಗೆ ಹಲವು ಸೆಂಟಿಮೀಟರ್ ಹತ್ತಿರ ಇರುತ್ತದೆ. ಕ್ಯಾಮೆರಾ ಒಂದು ಮೊಳದೊಳಗೇ ಇದ್ದಾಗ ಆ ವ್ಯತ್ಯಾಸ ದೊಡ್ಡದು, ಎರಡು ಮೀಟರ್ ಹಿಂದೆ ಹೋದರೆ ಏನೂ ಅಲ್ಲ. 2018ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಲೆಕ್ಕ ಹಾಕಿಯೇ ತೋರಿಸಿದರು: 1.5 ಮೀಟರ್ ದೂರದ ಫೋಟೋಗೆ ಹೋಲಿಸಿದರೆ 30 ಸೆಂ.ಮೀ. ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ. ಮೂಗಿನ ಆಪರೇಷನ್ ಮಾಡಿಸಿಕೊಳ್ಳೋಕೆ ಸೆಲ್ಫಿ ಹಿಡಿದುಕೊಂಡು ಬರುವವರು ಜಾಸ್ತಿಯಾಗಿದ್ದರಿಂದಲೇ ವೈದ್ಯರು ಈ ಲೆಕ್ಕಕ್ಕೆ ಕೂತಿದ್ದು. “ನಿಮ್ಮ ಮೂಗು ದಪ್ಪ ಅಲ್ಲ ಸರ್, ಕೈ ಗಿಡ್ಡ” ಅಂದೆ. ಎಂಜಿನಿಯರ್ ಅಲ್ವಾ, ಕಾಗದದ ಮೇಲೆ ಎರಡು ಗೆರೆ ಎಳೆದು ಕೋನ ನೋಡಿಕೊಂಡರು, ಒಪ್ಪಿದರು.

ಎರಡನೆಯದು ಹಳೆಯ ಗುರುತಿನ ಚೀಟಿಯ ಫೋಟೋ. “ಮುಖ ಸೊಟ್ಟ.” ನನ್ನ ಅನುಭವದಲ್ಲಿ ಜನ ಅತಿ ಹೆಚ್ಚು ನೊಂದುಕೊಳ್ಳುವುದು ಇದಕ್ಕೇ. ಆದರೆ ಯಾಕೆ ಹಾಗೆ ಕಾಣುತ್ತೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಆ ಫೋಟೋವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಏನನ್ನೂ ತಿದ್ದದೆ ಎಡ ಬಲ ಮಾತ್ರ ತಿರುಗಿಸಿ ತೋರಿಸಿದೆ.

“ಇದು ಸರಿ ಇದೆಯಲ್ಲ! ಏನ್ ಮಾಡಿದ್ರಿ?”

ಏನೂ ಮಾಡಿರಲಿಲ್ಲ. ಅವರ ಬೈತಲೆ ಎಡಗಡೆ. ಬಲ ಹುಬ್ಬು ಒಂದು ಎಳೆ ಮೇಲೆ. ಮೂಗು ತುಸು ಎಡಕ್ಕೆ ವಾಲಿದೆ. ಯಾರ ಮುಖವೂ ಎರಡು ಕಡೆ ಒಂದೇ ಥರ ಇರಲ್ಲ, ಇವರದ್ದೂ ಅಷ್ಟೇ. ಆದರೆ ಇವರು ದಿನಾ ಬೆಳಗ್ಗೆ ಗಡ್ಡ ಹೆರೆಯುವಾಗ ನೋಡಿಕೊಂಡು ಬಂದಿದ್ದು ಕನ್ನಡಿಯ ಮುಖ. ಫೋಟೋದಲ್ಲಿ ಅದೇ ಮುಖ ಎಡ ಬಲ ಅದಲುಬದಲಾಗಿ ಬರುತ್ತದೆ, ಅಂದರೆ ಬೇರೆಯವರು ಅವರನ್ನು ನೋಡುವ ಹಾಗೆ. ಅಭ್ಯಾಸವಾದ ವಾಲು ಕಣ್ಣಿಗೆ ಬೀಳಲ್ಲ, ಅದೇ ವಾಲು ಇನ್ನೊಂದು ಕಡೆಗೆ ಹೋದರೆ ತಕ್ಷಣ ಬೀಳುತ್ತೆ. 1977ರಲ್ಲಿ ಥಿಯೊಡೋರ್ ಮಿಟಾ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿದ್ದರು. ಒಬ್ಬರದ್ದೇ ಫೋಟೋವನ್ನು ನೇರವಾಗಿಯೂ ತಿರುಗಿಸಿಯೂ ತೋರಿಸಿದಾಗ, ಫೋಟೋದಲ್ಲಿದ್ದವರು ಹೆಚ್ಚಾಗಿ ಕನ್ನಡಿಯ ರೂಪವನ್ನು ಇಷ್ಟಪಟ್ಟರು, ಅವರ ಸ್ನೇಹಿತರು ನೇರ ರೂಪವನ್ನು. ಮತ್ತೆ ಮತ್ತೆ ಕಂಡದ್ದರ ಕಡೆಗೇ ಮನಸ್ಸು ವಾಲುತ್ತದೆ ಅಂತ ಮನಃಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಲ್ಲೇ ಹೇಳಿದ್ದರು, ಇದು ಅದರದ್ದೇ ಮುಂದುವರಿಕೆ.

ಅವರು ಸುಮಾರು ಹೊತ್ತು ಎರಡೂ ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡುತ್ತಾ ಕೂತರು. ಆಮೇಲೆ ಹೇಳಿದ ಮಾತು: “ಅಂದ್ರೆ ಈ ಸೊಟ್ಟ ನನ್ನೊಬ್ಬನಿಗೆ ಮಾತ್ರ ಕಾಣ್ತಿರೋದು.” ಹೌದು, ಅಷ್ಟೇ.

ಮೂರನೆಯದು ವೇದಿಕೆಯ ಮೇಲೆ ಮಾತಾಡುವಾಗ ಯಾರೋ ಕೆಳಗಿನಿಂದ ತೆಗೆದದ್ದು. ಕಣ್ಣು ಅರ್ಧ ಮುಚ್ಚಿದೆ, ಬಾಯಿ ಯಾವುದೋ ಅಕ್ಷರದ ಮಧ್ಯದಲ್ಲಿದೆ, ಗದ್ದದ ಕೆಳಗೆ ಇನ್ನೊಂದು ಗದ್ದ. ಸೆಕೆಂಡಿನ ಇನ್ನೂರನೇ ಒಂದು ಭಾಗವದು. ಆ ಸಭೆಯಲ್ಲಿ ಕೂತಿದ್ದ ಯಾರೂ ಆ ಮುಖವನ್ನು ನೋಡಿಯೇ ಇಲ್ಲ. ಮಾತಾಡುವ ಮುಖವನ್ನು ಎಲ್ಲೆಂದರಲ್ಲಿ ನಿಲ್ಲಿಸಿದರೆ ಯಾರದ್ದೂ ಚೆನ್ನಾಗಿ ಬರಲ್ಲ.

ಇಷ್ಟು ಮಾತಾದ ಮೇಲೆ ಒಳಗಿದ್ದ ನಿಜವಾದ ಭಯ ಹೊರಗೆ ಬಂತು. ಜನ ಒಂದು ಮುಖವನ್ನು ಕ್ಷಣಾರ್ಧದಲ್ಲಿ ಅಳೆದುಬಿಡುತ್ತಾರೆ ಅಂತ ಎಲ್ಲೋ ಓದಿದ್ದರಂತೆ. ಸುಳ್ಳಲ್ಲ. 2006ರಲ್ಲಿ ಜನೈನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ ನಡೆಸಿದ ಪ್ರಯೋಗಗಳಲ್ಲಿ, ನಂಬಬಹುದಾ, ಕೆಲಸ ಬಲ್ಲವರಾ ಅನ್ನುವ ಅಂದಾಜಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಸಾಕಾಗಿತ್ತು. ಆದರೆ ಇದರ ಇನ್ನೊಂದು ಅರ್ಧ ಯಾರ ಕಿವಿಗೂ ಬಿದ್ದಿರಲ್ಲ. ಅದೇ ಟೊಡೊರೊವ್ 2014ರಲ್ಲಿ ಜೆನ್ನಿ ಪೋರ್ಟರ್ ಜೊತೆ ತೋರಿಸಿದ್ದು, ಒಬ್ಬರದ್ದೇ ಬೇರೆ ಬೇರೆ ಫೋಟೋಗಳಿಗೆ ಬೇರೆ ಬೇರೆ ಅಂದಾಜು ಬರುತ್ತದೆ ಅಂತ. ಅಂದರೆ ಜನ ಅಳೆಯುವುದು ನಿಮ್ಮನ್ನಲ್ಲ, ಕೈಗೆ ಸಿಕ್ಕಿದ ಆ ಒಂದು ಫೋಟೋವನ್ನು. ಮುಖ ಬದಲಾಯಿಸೋದು ನಮ್ಮ ಕೈಲಿಲ್ಲ. ಯಾವ ಫೋಟೋ ಹಾಕಬೇಕು ಅನ್ನೋದು ಇದೆ.

ಬೇಕಾದದ್ದು ಧೈರ್ಯ ಅಲ್ಲ, ಮಾಹಿತಿ

ಕ್ಯಾಮೆರಾ ಮುಂದೆ ಬಿಗಿಯಾಗುವವರಿಗೆ ಆತ್ಮವಿಶ್ವಾಸದ ಭಾಷಣ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮುಂದೆ ಏನಾಗುತ್ತೆ ಅಂತ ಗೊತ್ತಿಲ್ಲದೆ ಇರುವುದರಿಂದ ಅವರು ಬಿಗಿಯಾಗುತ್ತಾರೆ. ಕೈ ಎಲ್ಲಿಡಬೇಕು, ಯಾವಾಗ ಕ್ಲಿಕ್ ಆಗುತ್ತೆ, ನಗಬೇಕಾ ಬೇಡವಾ, ಕೆಟ್ಟದಾಗಿ ಬಂದರೆ ಯಾರು ನೋಡುತ್ತಾರೆ. ಈ ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಸಿಕ್ಕಿದರೆ ಸ್ಟುಡಿಯೋಗೆ ಬಂದಾಗ ಅರ್ಧ ಕೆಲಸ ಮುಗಿದಿರುತ್ತದೆ.

ಹಾಗಾಗಿ ಮೊದಲು ಕೇಳಿದ್ದು: ಈ ಫೋಟೋ ನೋಡಿದವರಿಗೆ ಏನನ್ನಿಸಬೇಕು? “ಚೆನ್ನಾಗಿ ಕಾಣಬೇಕು” ಅಂದರು. ಅದು ಆಗಲ್ಲ, ಅದನ್ನು ಮುಖದಲ್ಲಿ ಮಾಡಿ ತೋರಿಸೋಕೆ ಬರಲ್ಲ. ಸ್ವಲ್ಪ ಯೋಚಿಸಿ ಹೇಳಿದರು: “ಹೋಗಿ ಏನಾದ್ರೂ ಕೇಳಿದ್ರೆ ಉತ್ತರ ಕೊಡ್ತಾನೆ ಅನ್ನಿಸಬೇಕು. ಸಿಡಿಮಿಡಿ ಅನ್ನಲ್ಲ ಅನ್ನಿಸಬೇಕು.” ಇದು ಕೆಲಸಕ್ಕೆ ಬರುವ ಉತ್ತರ. ಬೆಳಕು, ಬಟ್ಟೆ, ಕೂರುವ ರೀತಿ ಎಲ್ಲವೂ ಇದರ ಮೇಲೆ ತೀರ್ಮಾನವಾಯಿತು.

ಬಟ್ಟೆಯ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಸಣ್ಣ ಸಣ್ಣ ಒತ್ತೊತ್ತಾದ ಗೆರೆ ಬೇಡ, ಡಿಜಿಟಲ್ ಸೆನ್ಸರ್ ಮೇಲೆ ಅದು ಅಲೆ ಅಲೆಯಾಗಿ ಕಾಣುತ್ತದೆ. ಕಡು ಕೆಂಪು, ಗಾಢ ಹಸಿರು ಬೇಡ, ಬೆಳಕು ಅದಕ್ಕೆ ಬಡಿದು ಗದ್ದದ ಕೆಳಗೆ ಅದೇ ಬಣ್ಣ ಬಳಿಯುತ್ತದೆ. ಒಂದೇ ಬಣ್ಣದ ಶರ್ಟ್, ಅದರ ಮೇಲೆ ಬೇಕಿದ್ದರೆ ಕೋಟು. ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ: ಅಂದು ಹಾಕುವ ಬಟ್ಟೆಯನ್ನು ಅದಕ್ಕೂ ಮೊದಲು ಒಂದು ದಿನ ಪೂರ್ತಿ ಹಾಕಿಕೊಂಡು ಓಡಾಡಿ. ಅವರು ಹೊಸ ಶರ್ಟ್ ತಂದಿದ್ದರು. ಆಫೀಸಿಗೆ ಹಾಕಿಕೊಂಡು ಹೋದಾಗ ಮಧ್ಯಾಹ್ನದ ಹೊತ್ತಿಗೆ ಕಾಲರ್ ಕತ್ತು ಕಚ್ಚೋಕೆ ಶುರುಮಾಡಿತಂತೆ. ಅದನ್ನು ಬಿಟ್ಟು ಹಳೆಯ ನೀಲಿ ಶರ್ಟಿಗೆ ಇಸ್ತ್ರಿ ಹಾಕಿಸಿದರು. ಸ್ಟುಡಿಯೋದಲ್ಲಿ ಆ ಕಾಲರ್ ಕಚ್ಚಿದ್ದರೆ ಅವರು ಅದನ್ನೂ ತಮ್ಮ ಮುಖದ ಲೆಕ್ಕಕ್ಕೇ ಹಾಕಿಕೊಳ್ಳುತ್ತಿದ್ದರು.

ಕೂದಲು ಕತ್ತರಿಸುವುದಿದ್ದರೆ ಒಂದು ವಾರ ಮೊದಲು. ಮುಖಕ್ಕೆ ಹೊಸ ಕ್ರೀಮು, ಹೊಸ ಸೋಪು ಆ ವಾರ ಬೇಡ. ಹಿಂದಿನ ರಾತ್ರಿ ನಿದ್ದೆ. ಇಷ್ಟೇ.

ಹೆಚ್ಚು ಸಮಯ ಹೋಗಿದ್ದು ವಿಡಿಯೋ ಅಭ್ಯಾಸಕ್ಕೆ. ಫೋನನ್ನು ಕಣ್ಣಿನ ಮಟ್ಟದಲ್ಲಿ, ಎರಡು ಮೀಟರ್ ದೂರದಲ್ಲಿ ಇಡಬೇಕು. ಹಿಂದಿನ ಕ್ಯಾಮೆರಾದಲ್ಲೇ ತೆಗೆಯಬೇಕು, ಯಾಕಂದ್ರೆ ಮುಂದಿನ ಕ್ಯಾಮೆರಾ ತೆರೆದರೆ ಪರದೆಯಲ್ಲಿ ಕಾಣೋದು ಮತ್ತೆ ಅದೇ ಕನ್ನಡಿ. ಒಂದು ನಿಮಿಷ ತಮ್ಮ ಕೆಲಸದ ಬಗ್ಗೆ ಏನಾದರೂ ಹೇಳಬೇಕು. ಆಮೇಲೆ ಧ್ವನಿ ಬಂದ್ ಮಾಡಿ ನೋಡಬೇಕು. ಇಷ್ಟವಾಗುವವರೆಗೆ ಅಲ್ಲ, ಬೋರ್ ಆಗುವವರೆಗೆ. ಮೊದಲ ದಿನ ಮೆಸೇಜ್ ಬಂತು, “ನೋಡಕ್ಕಾಗಲ್ಲ.” ಕೆಲವು ದಿನ ಬಿಟ್ಟು ಇನ್ನೊಂದು: “ನಾನು ಮಾತಾಡುವಾಗ ತಲೆ ಎಡಕ್ಕೆ ವಾಲಿಸ್ತೀನಿ, ಗೊತ್ತೇ ಇರಲಿಲ್ಲ.” ಎರಡನೆಯ ಮೆಸೇಜು ಬಂದಾಗ ನನಗೆ ಸಮಾಧಾನವಾಯಿತು. ನಾಚಿಕೆ ಹೋಗಿ ಗಮನಿಸುವುದು ಶುರುವಾಗಿತ್ತು.

ಇದರ ಜೊತೆಗೆ ಒಂದೇ ಒಂದು ಭಂಗಿ ಕಲಿಸಿದೆ. ಗದ್ದವನ್ನು ಮುಂದಕ್ಕೆ ಚಾಚಿ, ಆಮೇಲೆ ಕೂದಲೆಳೆಯಷ್ಟು ಕೆಳಗೆ ತರಬೇಕು. ಫೋಟೋ ಅಂದ ಕೂಡಲೇ ನಾವೆಲ್ಲ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಆಗ ಕತ್ತಿನ ಚರ್ಮವೆಲ್ಲ ದವಡೆಯ ಕೆಳಗೆ ಬಂದು ಕೂರುತ್ತದೆ. ಮುಂದಕ್ಕೆ ಚಾಚಿದರೆ ದವಡೆಯ ಗೆರೆ ಬಿಡಿಸಿಕೊಳ್ಳುತ್ತದೆ. ಮಾಡುವವರಿಗೆ ಮಾತ್ರ ಆಮೆ ಕತ್ತು ಹೊರಗೆ ಹಾಕಿದ ಹಾಗೆ ಅನ್ನಿಸುತ್ತದೆ. ಎದುರಿನಿಂದ ಆ ಚಾಚು ಕಾಣುವುದೇ ಇಲ್ಲ. ಇದನ್ನು ನಾನು ಹೇಳಿದರೆ ಸಾಲದು, ಅವರೇ ಫೋನಿನಲ್ಲಿ ತೆಗೆದು ನೋಡಿಕೊಳ್ಳಬೇಕು. ನೋಡಿಕೊಂಡರು.

ಎದೆ ಉಬ್ಬಿಸಿ, ಸೊಂಟಕ್ಕೆ ಕೈ ಕೊಟ್ಟು ಎರಡು ನಿಮಿಷ ನಿಂತರೆ ಆತ್ಮವಿಶ್ವಾಸ ಬರುತ್ತಂತಲ್ಲ ಅಂತಲೂ ಕೇಳಿದರು. 2010ರ ಒಂದು ಅಧ್ಯಯನ ಅದರಿಂದ ದೇಹದ ಹಾರ್ಮೋನೇ ಬದಲಾಗುತ್ತದೆ ಅಂತ ಹೇಳಿತ್ತು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನಿನ ಬದಲಾವಣೆ ಸಿಗಲಿಲ್ಲ, ಬಲ ಬಂದ ಹಾಗೆ ಅನ್ನಿಸುವುದಷ್ಟೇ ಸಿಕ್ಕಿತು. ಮರುವರ್ಷ ಮೂಲ ಅಧ್ಯಯನದ ಮೊದಲ ಲೇಖಕಿ ಡಾನಾ ಕಾರ್ನಿ ತಮಗೇ ಇದರ ಮೇಲೆ ನಂಬಿಕೆ ಇಲ್ಲ ಅಂತ ಬರೆದರು. “ಮಾಡಿ, ನಷ್ಟವೇನಿಲ್ಲ. ಅದನ್ನೇ ನಂಬಿಕೊಂಡು ಬರಬೇಡಿ” ಅಂದೆ.

ಸೆಷನ್ ದಿನ

ಬಂದವರೇ ಕುರ್ಚಿಯ ಮೇಲೆ ಕಂಬದ ಥರ ಕೂತರು. ಉಸಿರನ್ನೂ ಹಿಡಿದುಕೊಂಡಿದ್ದರು.

ಈ ಅಲ್ಲಾಡದೆ ಕೂರುವ ಅಭ್ಯಾಸ ನಮಗೆ ಎಲ್ಲಿಂದ ಬಂತೋ. 1840ರ ದಶಕದಲ್ಲಿ ಅದಕ್ಕೆ ಕಾರಣವಿತ್ತು. ಡಾಗೆರೋಟೈಪ್ ಅನ್ನುವ ಆಗಿನ ಫೋಟೋ ತಟ್ಟೆಗಳ ಮೇಲೆ ಬೆಳಕು ಹಲವು ಸೆಕೆಂಡುಗಳ ಕಾಲ ಬೀಳಬೇಕಿತ್ತು, ಅದಕ್ಕೆ ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಈಗಿನ ಸ್ಟುಡಿಯೋ ಫ್ಲ್ಯಾಷ್ ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು. ಅಲ್ಲಾಡಿ, ಮಾತಾಡಿ, ಮೂಗು ತುರಿಸಿಕೊಳ್ಳಿ, ಏನೂ ಕೆಡಲ್ಲ. ಇದನ್ನು ಹೇಳಿದಾಗ ಅವರ ಭುಜ ಒಂದು ಇಂಚು ಕೆಳಗಿಳಿದಿದ್ದು ಕಣ್ಣಿಗೇ ಕಾಣಿಸಿತು.

ಮೊದಲ ಹತ್ತು ನಿಮಿಷ ತೆಗೆದದ್ದು ಬೆಳಕಿನ ಪರೀಕ್ಷೆಗೆ. ಅದನ್ನು ಬಾಯಿಬಿಟ್ಟು ಹೇಳಿಯೇ ತೆಗೆದೆ: ಇವು ಲೆಕ್ಕಕ್ಕಿಲ್ಲ, ಅಳಿಸಿಹಾಕ್ತೀನಿ. ಫ್ಲ್ಯಾಷ್‌ನ ಸದ್ದು, ಬೆಳಕು ಮೈಗೆ ಅಭ್ಯಾಸವಾಗಲಿ ಅಂತ. ಕನ್ನಡಕದಲ್ಲಿ, ಬೆಳಕನ್ನು ಮೆದುವಾಗಿಸುವ ಪೆಟ್ಟಿಗೆಯಾದ ಸಾಫ್ಟ್‌ಬಾಕ್ಸ್‌ನ ಬಿಳಿ ಚೌಕ ಹೊಳೆಯುತ್ತಿತ್ತು. ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಒಂದೆರಡು ಮಿಲಿಮೀಟರ್ ಎತ್ತಿಸಿದೆ. ಗಾಜು ಅಷ್ಟೇ ಅಷ್ಟು ಕೆಳಕ್ಕೆ ಬಾಗಿತು, ಲೈಟನ್ನು ಇನ್ನೊಂದು ಗೇಣು ಮೇಲೆ ಏರಿಸಿದೆ, ಹೊಳಪು ಹೋಯಿತು. ಕನ್ನಡಕ ತೆಗೆದೇ ತೆಗೆಸಿಕೊಳ್ಳಿ ಅಂತ ಹಿಂದೆ ಬೇರೆ ಕಡೆ ಹೇಳಿದ್ದರಂತೆ. ದಿನಾ ಕನ್ನಡಕ ಹಾಕುವವರ ಕನ್ನಡಕ ತೆಗೆಸಬಾರದು. ನೋಡುವವರಿಗೆ ಗುರುತು ಸಿಗಲ್ಲ, ಹಾಕುವವರಿಗೆ ಬೆತ್ತಲೆ ಅನ್ನಿಸುತ್ತೆ.

ಕಣ್ಣು ಮುಚ್ಚಿಹೋಗುತ್ತೆ ಅನ್ನೋ ಭಯಕ್ಕೆ ಹಳೆಯ ಉಪಾಯವೊಂದಿದೆ. ಕಣ್ಣು ಮುಚ್ಚಿಕೊಳ್ಳಿ, ಉಸಿರು ಬಿಡಿ, ನಾನು ಮೂರು ಅಂದಾಗ ತೆಗೆಯಿರಿ. ತೆರೆದ ಮರುಕ್ಷಣ ಕಣ್ಣು ಮಿಟುಕುವುದು ಕಡಿಮೆ, ಮುಖವೂ ಸಡಿಲವಾಗಿರುತ್ತದೆ. ಆದರೆ ಕಣ್ಣು ಪೂರ್ತಿ ಅಗಲವಾದರೆ ಗಾಬರಿ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಕೆಳರೆಪ್ಪೆಯನ್ನು ಒಂಚೂರು ಮೇಲೆತ್ತಬೇಕು. ದೂರದ ಬೋರ್ಡು ಓದುವಾಗ ಮಾಡುವಷ್ಟೇ. ಇದು ಅವರಿಗೆ ಬೇಗ ಬಂತು.

ಮಧ್ಯದಲ್ಲಿ ಒಂದು ಎಡವಟ್ಟಾಯಿತು. ಜೊತೆಗೆ ಬಂದಿದ್ದ ಸಹೋದ್ಯೋಗಿ ನನ್ನ ಬೆನ್ನ ಹಿಂದೆ ನಿಂತು, ಒಳ್ಳೆ ಮನಸ್ಸಿನಿಂದಲೇ, “ಸರ್, ಸ್ವಲ್ಪ ನಗಿ ಸರ್” ಅಂದುಬಿಟ್ಟರು. ಮುಖ ಮತ್ತೆ ಬಿಗಿಯಾಯಿತು. ನಗಿ ಅಂದಾಗ ಬರುವುದು ತುಟಿಯ ನಗು. ಕಣ್ಣಿನ ಸುತ್ತಲಿನ ಸ್ನಾಯು ಹಾಗೆ ಅಪ್ಪಣೆಗೆ ಬಗ್ಗಲ್ಲ ಅಂತ ಫ್ರೆಂಚ್ ವೈದ್ಯ ಡ್ಯುಶೆನ್ 1862ರಲ್ಲೇ ಬರೆದಿದ್ದ. ಕೆಲವರು ಬೇಕೆಂದೇ ಅದನ್ನೂ ಮಾಡಬಲ್ಲರು, ಇವರು ಆ ಪೈಕಿ ಅಲ್ಲ. ಸಹೋದ್ಯೋಗಿಯನ್ನು ಹೊರಗೆ ಕೂರಲು ಹೇಳಿದೆ. ಸ್ಟುಡಿಯೋದಲ್ಲಿ ನೋಡುವವರು ಒಬ್ಬರು ಜಾಸ್ತಿಯಾದರೂ ಕೂತವರಿಗೆ ಅದು ಪರೀಕ್ಷೆಯೇ.

“ನಗಲೇಬೇಕಾ?” ಅಂತ ಕೇಳಿದರು. ಬೇಕಿಲ್ಲ. 1941ರ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ ಯೂಸುಫ್ ಕಾರ್ಶ್ ತೆಗೆದ ಚರ್ಚಿಲ್ ಫೋಟೋದಲ್ಲಿ ಎಲ್ಲಿದೆ ನಗು? ಬಾಯಲ್ಲಿದ್ದ ಸಿಗಾರ್ ಕಿತ್ತುಕೊಂಡ ಸಿಟ್ಟು ಹಾಗೇ ಮುಖದ ಮೇಲಿದೆ. (ಕಾರ್ಶ್‌ಗೆ ನಡೆಯಿತು, ನಾನು ಹಾಗೆಲ್ಲ ಯಾರ ಬಾಯಿಗೂ ಕೈ ಹಾಕಲ್ಲ.) ಆದರೆ ಇವರೇ ಹೇಳಿದ್ದರಲ್ಲ, ಸಿಡಿಮಿಡಿ ಅನ್ನಲ್ಲ ಅನ್ನಿಸಬೇಕು ಅಂತ. ಹಾಗಾಗಿ ನಗುವಿನ ಮಾತು ಬಿಟ್ಟು, ಸೇತುವೆ ನೋಡೋಕೆ ಬಂದ ಸಾಮಾನ್ಯ ಜನ ನಿಮ್ಮನ್ನು ಕೇಳುವ ಅತಿ ದಡ್ಡ ಪ್ರಶ್ನೆ ಯಾವುದು ಅಂತ ಕೇಳಿದೆ.

“ಮಧ್ಯದಲ್ಲಿ ಯಾಕೆ ಸೀಳು ಬಿಟ್ಟಿದೀರಿ, ಸಿಮೆಂಟ್ ಸಾಕಾಗಲಿಲ್ವಾ ಅಂತಾರೆ.” ಬಿಸಿಲಿಗೆ ಸೇತುವೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅದಕ್ಕೆ ಜಾಗ ಬಿಡದಿದ್ದರೆ ಅದೇ ಬಿರುಕು ಬಿಡುತ್ತದೆ ಅಂತ ಕೈಯಲ್ಲೇ ತೋರಿಸುತ್ತಾ ವಿವರಿಸೋಕೆ ಶುರುಮಾಡಿದರು. ಮೈ ಮುಂದಕ್ಕೆ ಬಂತು. ತಲೆ ಅಭ್ಯಾಸದಂತೆ ಎಡಕ್ಕೆ ವಾಲಿತು. ನಾನು ಮಾತಿನ ಮಧ್ಯೆ ಕ್ಲಿಕ್ ಮಾಡಲಿಲ್ಲ. ವಾಕ್ಯ ಮುಗಿಸಿ, ಎದುರಿನವರಿಗೆ ಅರ್ಥವಾಯಿತಾ ಅಂತ ನೋಡುವ ಒಂದು ಗಳಿಗೆ ಇರುತ್ತದಲ್ಲ, ಬಾಯಿ ಮುಚ್ಚಿರುತ್ತದೆ, ಕಣ್ಣು ಇನ್ನೂ ಮಾತಾಡುತ್ತಿರುತ್ತದೆ, ಅಲ್ಲಿ ಒತ್ತಿದೆ. ಬೇಕಾಗಿದ್ದ ಫೋಟೋಗಳೆಲ್ಲ ಆ ವಿವರಣೆಯ ಉದ್ದಕ್ಕೂ ಸಿಕ್ಕಿದವು.

ಪ್ರತಿ ಕ್ಲಿಕ್ಕಿಗೂ ಪರದೆ ತೋರಿಸಲಿಲ್ಲ. ತೋರಿಸಿದರೆ ಜನ ಕೂತಲ್ಲಿಯೇ ತಮ್ಮನ್ನು ತಿದ್ದಿಕೊಳ್ಳೋಕೆ ಹೊರಡುತ್ತಾರೆ. ಒಂದು ಸುತ್ತು ಮುಗಿದ ಮೇಲೆ ನಾನೇ ಆರಿಸಿದ ನಾಲ್ಕೈದು ತೋರಿಸಿದೆ. ಅವರು ಮೊದಲು ನೋಡಿದ್ದು ಕತ್ತನ್ನು. “ಚಾಚಿದ್ದು ಕಾಣ್ತಾನೇ ಇಲ್ವಲ್ಲ.” ಮೂಗಿನ ಸುದ್ದಿ ಬರಲಿಲ್ಲ. ಎರಡನೆಯ ಸುತ್ತಿನಲ್ಲಿ ನಾನು ಏನೂ ಹೇಳಬೇಕಾಗಿರಲಿಲ್ಲ, ಅವರೇ “ಕೋಟು ಬಿಚ್ಚಿ ನೋಡೋಣ್ವಾ” ಅಂದರು.

ಆಯ್ಕೆ

ಕೊನೆಗೆ ಆರು ಫೋಟೋ ಉಳಿದವು. ಅವರಿಗೆ ಇಷ್ಟವಾದದ್ದು ಗಂಭೀರವಾಗಿ ಸ್ವಲ್ಪ ಪಕ್ಕಕ್ಕೆ ನೋಡುತ್ತಿರುವುದು. ಆರಿಸುವ ಕೆಲಸ ನೀವೊಬ್ಬರೇ ಮಾಡಬೇಡಿ ಅಂದೆ. 2017ರಲ್ಲಿ ಡೇವಿಡ್ ವೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಪ್ರೊಫೈಲ್‌ಗೆ ಜನ ತಾವೇ ಆರಿಸಿಕೊಂಡ ಫೋಟೋಗಳಿಗಿಂತ ಅಪರಿಚಿತರು ಆರಿಸಿಕೊಟ್ಟ ಫೋಟೋಗಳು ನೋಡುವವರ ಮೇಲೆ ಒಳ್ಳೆಯ ಅಭಿಪ್ರಾಯ ಮೂಡಿಸಿದ್ದವು. ನಮ್ಮ ಮುಖದ ವಿಷಯದಲ್ಲಿ ನಾವು ಒಳ್ಳೆಯ ತೀರ್ಪುಗಾರರಲ್ಲ. ಅವರನ್ನು ದಿನಾ ನೋಡುವ ಒಬ್ಬರಿಗೆ, ಒಮ್ಮೆಯೂ ನೋಡದ ಇಬ್ಬರಿಗೆ ಕಳಿಸಿದೆವು. ಕೇಳಿದ್ದು “ಯಾವುದು ಚೆನ್ನಾಗಿದೆ” ಅಂತ ಅಲ್ಲ, “ಇವರಲ್ಲಿ ಯಾರ ಹತ್ರ ಹೋಗಿ ನೀವು ಪ್ರಶ್ನೆ ಕೇಳ್ತೀರಿ” ಅಂತ. ಮೂವರೂ ತೋರಿಸಿದ್ದು ಸೀಳಿನ ಕಥೆ ಹೇಳಿ ಮುಗಿಸಿದ ಆ ಫೋಟೋವನ್ನು. ಪರಿಚಯ ಪುಟಕ್ಕೆ ಅದೇ ಹೋಯಿತು. ಅವರಿಗಿಷ್ಟವಾದದ್ದು ಸಮ್ಮೇಳನದ ಪಟ್ಟಿಗೆ ಹೋಯಿತು, ಅದೂ ಕೆಟ್ಟದ್ದೇನಲ್ಲ.

ರಿಟಚ್ ಬಗ್ಗೆ ಸ್ವಲ್ಪ ಹಗ್ಗಜಗ್ಗಾಟ ನಡೆಯಿತು. ನನ್ನ ನಿಯಮ ಸರಳ: ಎರಡು ವಾರದಲ್ಲಿ ತಾನಾಗಿ ಹೋಗುವಂಥದ್ದನ್ನು ಅಳಿಸುತ್ತೇನೆ, ಉಳಿಯುವಂಥದ್ದನ್ನು ಉಳಿಸುತ್ತೇನೆ. ಬ್ಲೇಡು ತಾಗಿದ ಗೀರು ಹೋಯಿತು, ಹುಬ್ಬಿನ ಹಳೆಯ ಗಾಯದ ಗುರುತು ಉಳಿಯಿತು. ಕಣ್ಣ ಕೆಳಗಿನ ಗೆರೆಗಳನ್ನು ತೆಗೆಯಿರಿ ಅಂದರು. ಅರ್ಧದಷ್ಟು ತಿಳಿ ಮಾಡಿ ಕೊಟ್ಟೆ, ತೆಗೆಯಲಿಲ್ಲ. ಸಮ್ಮೇಳನದ ದಿನ ಆ ಫೋಟೋ ನೋಡಿಕೊಂಡು ಬಂದವರಿಗೆ ಎದುರಿಗೆ ಸಿಗುವುದು ಗೆರೆಗಳಿರುವ ಮನುಷ್ಯನೇ ಅಲ್ವಾ.

ಈಗ ಫೋಟೋ ಬೇಕು ಅಂದವರಿಗೆ ತಡಮಾಡದೆ ಕಳಿಸುತ್ತಾರೆ. ಹೊಸ ಕನ್ನಡಕ ಮಾಡಿಸಿದ ಮೇಲೆ ಹಳೆಯ ಫೋಟೋ ನಡೆಯುತ್ತಾ ಅಂತ ಅವರೇ ಫೋನ್ ಮಾಡಿ ವಿಚಾರಿಸಿದರು. ಫ್ರೇಮ್ ಪೂರ್ತಿ ಬೇರೆಯಾಗಿದ್ದರೆ ಹೊಸದು ತೆಗೆಸಿ ಅಂದೆ, ದಿನ ಗೊತ್ತುಮಾಡಿಕೊಂಡರು. ಗ್ರೂಪ್ ಫೋಟೋ ಅಂದರೆ ಮಾತ್ರ ಇನ್ನೂ ಹಿಂದಿನ ಸಾಲಿಗೇ ಹೋಗಿ ನಿಲ್ಲುತ್ತಾರಂತೆ. ಅದನ್ನು ಬದಲಾಯಿಸಿ ಅಂತ ಅವರು ನನ್ನನ್ನು ಕೇಳಿಲ್ಲ, ನಾನೂ ಆ ಗೊಡವೆಗೆ ಹೋಗಿಲ್ಲ.